ಬಸುರಿ ಬಿಪಿ ಯಾರ ಮನೆ ಕಾಯಿಲೆ?

ಮಳೆ ಶುರುವಾದಾಗಿನಿಂದ ಮತ್ತೆ ಮತ್ತೆ ಅದೇ ಪ್ರಶ್ನೆ ಬರುತ್ತಿದೆ. ಈ ಸಲ ಅದಕ್ಕೇ ಜಾಗ ಜಾಸ್ತಿ.

ಪ್ರಶ್ನೆ: ನನಗೀಗ ಹತ್ತು ವಾರ, ಚೊಚ್ಚಲು. ಅಕ್ಕನಿಗೆ ಎಂಟನೇ ತಿಂಗಳಲ್ಲಿ ಬಿಪಿ ಏರಿ ಫಿಟ್ಸ್ ಬಂದಿತ್ತು. ಇದು ನಿಮ್ಮ ಮನೆತನದ ಕಾಯಿಲೆ ಅಂತಾರೆ ಅತ್ತೆ. ಜೀನ್ ಟೆಸ್ಟ್ ಮಾಡಿಸಬೇಕಾ?
– ಸೋಮವಾರಪೇಟೆ ಕಡೆಯ ಓದುಗರು

ಉತ್ತರ: ಬೇಡ. ಆ ದುಡ್ಡಲ್ಲಿ ಒಂದು ಒಳ್ಳೆ ಬಿಪಿ ಮಿಷನ್ ತನ್ನಿ. ಬಸುರಿಯಲ್ಲಿ ಬಿಪಿ ಏರುವ ಇದು, ಡಾಕ್ಟರರ ಭಾಷೆಯಲ್ಲಿ ಪ್ರಿಎಕ್ಲಾಂಪ್ಸಿಯಾ, ಒಂದೇ ಜೀನ್ ಕೆಟ್ಟು ಬರುವ ಕಾಯಿಲೆ ಅಲ್ಲ. ಹಲವು ಜೀನ್‌ಗಳದು ಚೂರುಚೂರು ಪಾಲು, ಜೊತೆಗೆ ತೂಕ, ಶುಗರ್, ಕಿಡ್ನಿ ತೊಂದರೆ, ಅವಳಿ ಮಕ್ಕಳು, ಎಲ್ಲ ಸೇರುತ್ತವೆ. ಅಮ್ಮನಿಗೋ ಅಕ್ಕನಿಗೋ ಬಂದಿದ್ದರೆ ಸಾಧ್ಯತೆ ಎರಡು ಮೂರು ಪಟ್ಟು ಏರುತ್ತದೆ, ನಿಜ. ಆದರೂ ಅಂಥ ಮನೆಯ ಹೆಚ್ಚಿನ ಹೆಣ್ಣುಮಕ್ಕಳಿಗೆ ಏನೂ ಆಗುವುದಿಲ್ಲ.

ಇನ್ನು ಅತ್ತೆಯವರ ಮಾತು. ಇದನ್ನು ಕೇಳಿದರೆ ನನಗೇ ಬಿಪಿ ಏರುತ್ತದೆ. ತೊಂದರೆ ಶುರುವಾಗುವುದು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ. ಅದು ಬೆಳೆಯುವುದು ಮಗುವಿನ ಜೀನ್‌ಗಳಿಂದ, ಅವುಗಳಲ್ಲಿ ಅರ್ಧ ಅಪ್ಪನವು, ಅಲ್ವಾ? 2017ರಲ್ಲಿ ಸಿಕ್ಕ ದೊಡ್ಡ ಸುಳಿವೂ ಮಗುವಿನ ಜೀನ್‌ನಲ್ಲೇ ಇತ್ತು, 13ನೇ ಕ್ರೋಮೋಸೋಮಿನ ಎಫ್‌ಎಲ್‌ಟಿ1 ಎಂಬ ಜೀನ್ ಹತ್ತಿರ. ಆ ಜೀನ್‌ನಿಂದ ಆಗುವ ಒಂದು ಪ್ರೋಟೀನ್ ಮಾಸಿನಿಂದ ತಾಯಿಯ ರಕ್ತಕ್ಕೆ ಜಾಸ್ತಿ ಸೇರಿದರೆ ರಕ್ತನಾಳಗಳ ಒಳಪದರ ಕೆಡುತ್ತದೆ, ಬಿಪಿ ಏರುತ್ತದೆ. ನಾರ್ವೆಯ ಹೆರಿಗೆ ದಾಖಲೆಗಳನ್ನು ಜಾಲಾಡಿದಾಗ ಕಂಡಿದ್ದು ಇನ್ನೂ ಸ್ಪಷ್ಟ: ಒಬ್ಬ ಗಂಡಸಿನಿಂದ ಬಸುರಾದ ಹೆಂಗಸಿಗೆ ಈ ಕಾಯಿಲೆ ಬಂದಿದ್ದರೆ, ಅದೇ ಗಂಡಸಿನಿಂದ ಬಸುರಾದ ಬೇರೆ ಹೆಂಗಸಿಗೂ ಅಪಾಯ ಹತ್ತಿರ ಹತ್ತಿರ ದುಪ್ಪಟ್ಟು. ನಿಮ್ಮ ಗಂಡ ಹೊಟ್ಟೆಯಲ್ಲಿದ್ದಾಗ ಅತ್ತೆಗೆ ಬಿಪಿ ಇತ್ತಾ? ಕೇಳಿ. ಅದೂ ಲೆಕ್ಕಕ್ಕೆ ಬರುತ್ತದೆ.

ನೀವು ಬರೆದಿದ್ದು ಸರಿಯಾದ ಹೊತ್ತಿಗೆ. ಚೊಚ್ಚಲು, ಮೇಲೆ ಅಕ್ಕನಿಗೆ ಬಂದಿದೆ, ಇವೆರಡೇ ಸಾಕು, ಇದನ್ನು ತಡೆಯಲು ಕೊಡುವ ಆಸ್ಪಿರಿನ್ ಬಗ್ಗೆ ಡಾಕ್ಟರನ್ನು ಕೇಳಲು. ಸಣ್ಣ ಡೋಸ್, 12 ವಾರದ ಮೇಲೆ, 16ರೊಳಗೆ ಶುರುವಾಗಬೇಕು. ಆರನೇ ತಿಂಗಳಲ್ಲಿ ಓಡಿ ಬಂದರೆ ಅಷ್ಟು ಪ್ರಯೋಜನವಿಲ್ಲ. ಮೆಡಿಕಲ್ ಶಾಪಿಂದ ನೀವೇ ತಂದು ನುಂಗಬೇಡಿ. ಅಕ್ಕನ ವಿಷಯ ತಾಯಿ ಕಾರ್ಡಿನಲ್ಲಿ ಬರೆಸಿ. ಬಿಪಿ 140/90 ಮುಟ್ಟಿದರೆ ಅವತ್ತೇ ತೋರಿಸಿ. ತಲೆ ಸಿಡಿತ, ಕಣ್ಣು ಮಂಜು, ಬಲಪಕ್ಕೆ ಕೆಳಗೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ನಾನು ಸ್ವಲ್ಪ ಹೆದರುಪುಕ್ಕಲ ಡಾಕ್ಟರು, ಅದಕ್ಕೇ ಹೇಳುತ್ತೇನೆ: ಮರ ಬಿದ್ದರೆ ರಸ್ತೆ ಮುಚ್ಚುವ ತೋಟದ ಮನೆಯಲ್ಲಿ ಕೊನೇ ಎರಡು ತಿಂಗಳು ಇರಬೇಡಿ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ನೆಂಟರಿದ್ದರೆ ಅಲ್ಲಿಗೆ ಹೋಗಿ.

ಪ್ರಶ್ನೆ: ಉಪ್ಪು ಬಿಟ್ಟರೆ ತಡೆಯಬಹುದಾ?
ಉತ್ತರ: ಇಲ್ಲ. ಸುಮ್ನೆ ಊಟ ಕೆಡುತ್ತದೆ.

ಪ್ರಶ್ನೆ: ಕೊಡಗಿನ ಕಕ್ಕಡ 18ರ ಹಬ್ಬದ ಮದ್ದು ಸೊಪ್ಪಿನ ಪಾಯಸ ಬಿಪಿಗೆ ಒಳ್ಳೆಯದಂತೆ?
ಉತ್ತರ: ಹಬ್ಬಕ್ಕೆ ಒಳ್ಳೆಯದು, ಬಿಪಿಗಲ್ಲ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಪರೀಕ್ಷೆಗೆ ಕೊಡುವಾಗ ಲ್ಯಾಬಿನವರಿಗೆ ಹೇಳಿ. ಮಾತ್ರೆ ಬಿಡಿಸಿ ಪುಡಿ ಕೊಡುವ ಪಂಡಿತರ ಹತ್ತಿರ ಮಾತ್ರ ಹೋಗಲೇಬೇಡಿ.

ಪ್ರಶ್ನೆ: ಅಮ್ಮನ ಬಿಪಿ ಮಾತ್ರೆ ಮನೆಯಲ್ಲಿದೆ, ತಗೊಳ್ಳಲಾ?
ಉತ್ತರ: ಮುಟ್ಟಬೇಡಿ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಥರದವು ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿ ಕೆಡಿಸುತ್ತವೆ. ಬಸುರಿಯರಿಗೆ ಕೊಡುವ ಮಾತ್ರೆಗಳೇ ಬೇರೆ.