ಡಿಎಲ್ ಇದ್ದರೂ ಹೊಸದಾಗಿ ಬೈಕ್ ಕಲಿತವರಿಗೆ ಸುರಕ್ಷತಾ ಕೋರ್ಸ್ ಬೇಕಾ?
ಬೇಕು. ಆರ್‌ಟಿಒದಲ್ಲಿ ಕಾಲು ಊರದೆ ನಿಧಾನವಾಗಿ ಎಂಟು ಹಾಕಿದರೆ ಡಿಎಲ್ ಸಿಗುತ್ತದೆ. ಅರವತ್ತರ ವೇಗದಲ್ಲಿ ನಾಯಿ ಅಡ್ಡ ಬಂದರೆ ಏನು ಮಾಡುತ್ತೀರಿ ಅಂತ ಅಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ.

ಒಳ್ಳೆಯ ಕೋರ್ಸಿನ ನಿಜವಾದ ಲಾಭ ಬ್ರೇಕಿನ ಅಭ್ಯಾಸ. ‘ಮುಂದಿನ ಬ್ರೇಕ್ ಹಿಡಿದರೆ ಬೀಳ್ತೀಯ’ ಅಂತ ನಮ್ಮಲ್ಲಿ ಹೆದರಿಸುತ್ತಾರೆ, ಅಲ್ವಾ? ಆದರೆ ಬ್ರೇಕ್ ಹಾಕಿದಾಗ ಭಾರ ಮುಂದಿನ ಚಕ್ರಕ್ಕೆ ಬೀಳುತ್ತದೆ. ಗಾಡಿಯನ್ನು ಜಾಸ್ತಿ ನಿಲ್ಲಿಸುವುದು ಅದೇ. ಗಬಕ್ಕನೆ ಹಿಡಿಯದೆ, ಮೆಲ್ಲಗೆ ಶುರುಮಾಡಿ ಬಿಗಿ ಮಾಡುತ್ತಾ ಹೋಗಬೇಕು. ಇದು ಓದಿ ಬರುವಂಥದ್ದಲ್ಲ; ಖಾಲಿ ಮೈದಾನದಲ್ಲಿ ಮತ್ತೆ ಮತ್ತೆ ಮಾಡಿದರೆ ಕೈಗೆ ಕೂರುತ್ತದೆ. ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇದ್ದರೂ ಲಿವರ್ ಒತ್ತಬೇಕಾದವರು ನೀವೇ ತಾನೆ!

ತಿರುವಿನಲ್ಲಿ ಎಲ್ಲಿ ನೋಡಬೇಕು ಅನ್ನುವುದನ್ನೂ ಕಲಿಸುತ್ತಾರೆ. ಗುಂಡಿಯನ್ನೇ ನೋಡಿದರೆ ಗಾಡಿಯೂ ಅತ್ತಲೇ ಎಳೆಯುತ್ತದೆ.

ಬರೀ ಸ್ಲೈಡ್ ತೋರಿಸಿ ಸರ್ಟಿಫಿಕೇಟ್ ಕೊಡುವ ಕಡೆ ಸುಮ್ನೆ ದುಡ್ಡು ಹಾಕಬೇಡಿ.