ಎರಡು ಏರ್‌ಲೈನ್‌ಗಳಿಂದ ಕೆಲಸದ ಕರೆ ಬಂದಿದೆ. ಜಾಸ್ತಿ ವಿಮಾನ ಇರುವ ಕಡೆ ಸೇರುವುದೇ ಸರಿ ಅಲ್ವಾ?

ಒಂದು ಕಂಪನಿಯಲ್ಲಿ 50ಕ್ಕೂ ಜಾಸ್ತಿ ವಿಮಾನ, ಇನ್ನೊಂದರಲ್ಲಿ 14. ಎರಡೂ ಕಡೆ ಆಪರೇಷನ್ಸ್ ಕಂಟ್ರೋಲ್‌ನಲ್ಲೇ ಕೆಲಸ, ಅಂದರೆ ದಿನದ ಹಾರಾಟಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ. ನಿಮ್ಮ ಬರಹ ನೋಡಿದರೆ ದೊಡ್ಡದಕ್ಕೇ ಸೇರಬೇಕು ಅಂತ ಮುಕ್ಕಾಲು ಪಾಲು ತೀರ್ಮಾನ ಆಗಿಹೋಗಿದೆ. ಯಾರಾದರೂ ಒಬ್ಬರು ಹೌದು ಅಂದುಬಿಟ್ಟರೆ ಸಾಕು ಅನ್ನುವ ಹಾಗಿದೆ. ನಾನು ಹೌದು ಅನ್ನುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಡಿಸ್ಪ್ಯಾಚರ್ (ನೆಲದಲ್ಲಿದ್ದು ಹಾರಾಟದ ಯೋಜನೆ ಮಾಡುವವರು) ತರಬೇತಿ ಮುಗಿಸಿದ ವರ್ಷ ನನಗೂ ಒಂದೇ ವಾರದಲ್ಲಿ ಎರಡು ಪತ್ರ ಬಂದವು. ದೊಡ್ಡ ಕಂಪನಿಯ ಹೆಸರು ಬೇಡ, ಅದು ಈಗ ಇಲ್ಲ. ಅವರ ಪಟ್ಟಿಯಲ್ಲಿ 43 ವಿಮಾನ ಇದ್ದವು. ಎಟಿಆರ್ 72, ಎಂಬ್ರಾಯರ್ 190, ಬೋಯಿಂಗ್ 737, ಏರ್‌ಬಸ್ ಎ320, ಮೇಲೆ ಮೂರು ದೊಡ್ಡ ಎ330. ಐದು ಬಗೆ. ಸಣ್ಣ ಕಂಪನಿಯಲ್ಲಿ 11 ವಿಮಾನ, ಎಲ್ಲವೂ ಎ320. ನಾನು ಒಂದು ಹಾಳೆ ತೆಗೆದು ಎರಡು ಕಾಲಂ ಮಾಡಿದೆ. ವಿಮಾನ ಎಷ್ಟು, ಹಾರುವ ಊರು ಎಷ್ಟು, ಹೊಸ ವಿಮಾನದ ಆರ್ಡರ್ ಎಷ್ಟು. ಮೂರರಲ್ಲೂ ದೊಡ್ಡದೇ ಗೆದ್ದಿತು. ಐದು ಬಗೆಯ ವಿಮಾನ ಇದ್ದರೆ ಕಲಿಯುವುದಕ್ಕೆ ಜಾಸ್ತಿ ಸಿಗುತ್ತದೆ ಅಂತಲೂ ಬರೆದುಕೊಂಡೆ.

ದೊಡ್ಡ ಕಂಪನಿಯ ಸಂದರ್ಶನದ ಕೊನೆಯಲ್ಲಿ ಅವರು ಕೇಳಿದರು: ‘ನಿಮಗೆ ಏನಾದರೂ ಕೇಳುವುದಿದೆಯಾ?’ ನಾನು ಕೇಳಿದ್ದು, ಹೊಸ ಎ330 ಯಾವಾಗ ಬರುತ್ತದೆ ಅಂತ. ಅವರು ನಕ್ಕು, ಬರುತ್ತದೆ ಬರುತ್ತದೆ ಅಂದರು.

ನನ್ನ ತಪ್ಪು ಇರುವುದು ಅಲ್ಲೇ. ಅದನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಸಹಿಸಿಕೊಳ್ಳಿ. ನಾನು ಕೇಳಬೇಕಿದ್ದ ಪ್ರಶ್ನೆ ಒಂದೇ: ‘ನಾಳೆ ಬೆಳಗ್ಗೆ ಎಷ್ಟು ವಿಮಾನ ಹಾರುತ್ತವೆ?’ ಒಟ್ಟು ಎಷ್ಟಿವೆ ಅಂತಲ್ಲ. ನಾಳೆ ಬೆಳಗ್ಗೆ ಎಷ್ಟು.

ನಾನು ದೊಡ್ಡದಕ್ಕೇ ಸೇರಿದೆ. ಮೊದಲ ದಿನ ಕಂಟ್ರೋಲ್ ರೂಮಿನ ಗೋಡೆಯ ಮೇಲಿದ್ದ ಬೋರ್ಡ್ ನೋಡಿದೆ. ಪ್ರತಿ ವಿಮಾನಕ್ಕೂ ಒಂದು ಸಾಲು, ಸಾಲಿನ ಆರಂಭದಲ್ಲಿ ಅದರ ನೋಂದಣಿ ಅಕ್ಷರಗಳು. ಸಾಲುಗಳನ್ನು ಎಣಿಸಿದೆ. 26 ಇದ್ದವು. ಬಹುಶಃ ಇನ್ನೊಂದು ಬೋರ್ಡ್ ಇರಬೇಕು ಅಂದುಕೊಂಡು ಶಿಫ್ಟ್‌ನ ಹಿರಿಯರನ್ನು ಕೇಳಿದೆ. ‘ಇಷ್ಟೇ’ ಅಂದರು. ಉಳಿದ 17 ಎಲ್ಲಿ? ಆರಕ್ಕೆ ಎಂಜಿನ್ ಇರಲಿಲ್ಲ. ಬಿಚ್ಚಿ ರಿಪೇರಿಗೆ ಕಳಿಸಿದ್ದರು, ಬಿಲ್ ಕಟ್ಟದೆ ಅವು ವಾಪಸ್ ಬಂದಿರಲಿಲ್ಲ. ಮೂರು ದೊಡ್ಡ ತಪಾಸಣೆಗೆ ಹೋಗಿ ಹ್ಯಾಂಗರಿನಲ್ಲೇ ನಿಂತಿದ್ದವು. ಎರಡನ್ನು ಸಿಬ್ಬಂದಿ ಸಮೇತ ಬೇರೆ ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದರು. ಇನ್ನೆರಡು ಇನ್ನೂ ಬಂದೇ ಇರಲಿಲ್ಲ, ಆದರೂ ಪಟ್ಟಿಯಲ್ಲಿದ್ದವು. ಉಳಿದ ನಾಲ್ಕು ಏಪ್ರನ್‌ನ (ವಿಮಾನ ನಿಲ್ಲಿಸುವ ಜಾಗದ) ಮೂಲೆಯಲ್ಲಿದ್ದವು. ಅವುಗಳಿಂದ ಒಂದೊಂದೇ ಭಾಗ ಬಿಚ್ಚಿ ಬೇರೆ ವಿಮಾನಕ್ಕೆ ಹಾಕುತ್ತಿದ್ದರು. ಎಂಜಿನಿಯರ್‌ಗಳು ಇದಕ್ಕೆ ‘ರಾಬರಿ’ ಅಂತಲೇ ಹೇಳುತ್ತಾರೆ. ತುರ್ತಿಗೆ ಒಂದು ಭಾಗ ತೆಗೆಯುವುದು ಎಲ್ಲ ಕಡೆ ನಡೆಯುವಂಥದ್ದೇ. ಆದರೆ ಒಂದೇ ವಿಮಾನದಿಂದ ಮತ್ತೆ ಮತ್ತೆ ತೆಗೆಯುತ್ತಿದ್ದರೆ ಅದು ಇನ್ನು ಹಾರುವುದಿಲ್ಲ ಅಂತಲೇ ತಿಳಿಯಿರಿ.

ಹೀಗೆ ನಾನು 43ನ್ನು 11ರ ಜೊತೆ ಹೋಲಿಸಿದ್ದೆ. ಹೋಲಿಸಬೇಕಿದ್ದದ್ದು 26ನ್ನು 11ರ ಜೊತೆ. ಅದೂ ಅಲ್ಲ. ಆ 26 ಐದು ಬಗೆಗೆ ಹಂಚಿಹೋಗಿದ್ದವು. ಅಂದರೆ ನಾನು ಸೇರಿದ್ದು ಒಂದು ದೊಡ್ಡ ಕಂಪನಿಗೆ ಅಲ್ಲ, ಒಂದೇ ಸೂರಿನ ಕೆಳಗಿದ್ದ ಐದು ಸಣ್ಣ ಕಂಪನಿಗಳಿಗೆ. ಒಂದಕ್ಕೆ ಕಷ್ಟ ಬಂದರೆ ಇನ್ನೊಂದು ಕೈಹಿಡಿಯುವ ಹಾಗಿರಲಿಲ್ಲ.

ಒಂದು ರಾತ್ರಿಯ ಕಥೆ ಹೇಳಿದರೆ ಇದು ಅರ್ಥ ಆಗುತ್ತದೆ. ರಾತ್ರಿ 9ರ ಎ320 ಹೊರಡಬೇಕು. 174 ಜನ ಗೇಟಿನಲ್ಲಿದ್ದಾರೆ. ಇಳಿಯುವಾಗ ಹಕ್ಕಿ ಬಡಿದು ಎಂಜಿನ್ನಿನ ಎರಡು ಬ್ಲೇಡ್ ಬಾಗಿವೆ, ವಿಮಾನ ಹಾರುವ ಹಾಗಿಲ್ಲ. ಆ ಹೊತ್ತಿಗೆ ನಿಲ್ದಾಣದಲ್ಲಿ ನಮ್ಮವೇ ಎರಡು ಎಟಿಆರ್ ಖಾಲಿ ನಿಂತಿದ್ದವು, ಒಂದು ಎಂಬ್ರಾಯರ್ ಕೂಡ. ಎಟಿಆರ್‌ನಲ್ಲಿ ಸುಮಾರು 70 ಸೀಟು. ಎರಡನ್ನೂ ಕಳಿಸಿದರೂ ಎಲ್ಲರೂ ಹಿಡಿಸುವುದಿಲ್ಲ, ದೂರವೂ ಅದರ ಅಳತೆಯದ್ದಲ್ಲ. ಎಂಬ್ರಾಯರ್‌ನಲ್ಲಿ ಒಂದಷ್ಟು ಜನರನ್ನಾದರೂ ಕಳಿಸಬಹುದಿತ್ತು, ಆದರೆ ಅದರ ಪೈಲಟ್‌ಗಳ ಡ್ಯೂಟಿ ಸಮಯ ಮುಗಿದಿತ್ತು. ಸ್ಟ್ಯಾಂಡ್‌ಬೈ ಕೋಣೆಯಲ್ಲಿ ನಾಲ್ಕು ಪೈಲಟ್‌ಗಳು ಯೂನಿಫಾರ್ಮ್ ಹಾಕಿಕೊಂಡು ಕೂತಿದ್ದರು. ನಾಲ್ವರದ್ದೂ ಎಟಿಆರ್ ಟೈಪ್ ರೇಟಿಂಗ್, ಅಂದರೆ ಆ ಒಂದು ಬಗೆ ಹಾರಿಸುವುದಕ್ಕೆ ಮಾತ್ರ ಪರವಾನಗಿ. ಅವರು ಎಂಬ್ರಾಯರ್ ಮುಟ್ಟುವ ಹಾಗಿಲ್ಲ. ವಿಮಾನ ಇದೆ, ಪೈಲಟ್ ಇದ್ದಾರೆ, ಜನ ಇದ್ದಾರೆ. ಒಂದಕ್ಕೊಂದು ಹೊಂದುವುದಿಲ್ಲ. ನಾನೇ ಆ ಫ್ಲೈಟ್ ರದ್ದು ಮಾಡಿದೆ. ಗೇಟಿನಲ್ಲಿದ್ದ ಸಹೋದ್ಯೋಗಿ ಫೋನಿನಲ್ಲಿ ಅತ್ತರು. ಆ ವಿಮಾನ ಆ ರಾತ್ರಿ ಹೋಗಿ ಸೇರಬೇಕಿದ್ದ ಊರಿನಿಂದಲೇ ಮರುದಿನ ಬೆಳಗ್ಗೆ ದಿನದ ಮೊದಲ ಸೆಕ್ಟರ್ (ಒಂದು ಊರಿನಿಂದ ಇನ್ನೊಂದಕ್ಕೆ ಒಂದು ಹಾರಾಟ) ಹಾರಬೇಕಿತ್ತು. ಹಾಗಾಗಿ ಮರುದಿನದ ನಾಲ್ಕು ಸೆಕ್ಟರ್‌ಗಳೂ ಅದರ ಜೊತೆಗೇ ಹೋದವು.

ಇದೇ ರಾತ್ರಿ ಆ ಸಣ್ಣ ಕಂಪನಿಯಲ್ಲಿ ಹೇಗಿರುತ್ತಿತ್ತು ಯೋಚಿಸಿ. 11 ಎ320. ಯಾವ ಪೈಲಟ್ ಬೇಕಾದರೂ ಯಾವ ವಿಮಾನ ಬೇಕಾದರೂ ಹಾರಿಸಬಹುದು. ಯಾವ ವಿಮಾನ ಬೇಕಾದರೂ ಯಾವ ರೂಟಿಗೆ ಬೇಕಾದರೂ ಹೋಗಬಹುದು. ಒಂದೇ ಸ್ಪೇರ್ ವಿಮಾನ ಹನ್ನೊಂದಕ್ಕೂ ಕಾವಲು. ಎ319, ಎ320, ಎ321 ಮೂರಕ್ಕೂ ಒಂದೇ ಟೈಪ್ ರೇಟಿಂಗ್ ಸಾಕಾಗುತ್ತದೆ. ನಿಮ್ಮ ಸಣ್ಣ ಕಂಪನಿಯ ಪಟ್ಟಿಯಲ್ಲಿ ಈ ಹೆಸರುಗಳೇ ಕಂಡರೆ ಅದನ್ನು ಮೂರು ಬಗೆ ಅಂತ ಎಣಿಸಬೇಡಿ, ಒಂದೇ.

ಸೌತ್‌ವೆಸ್ಟ್ ಕಂಪನಿಯ ಕಥೆ ನಿಮಗೆ ಗೊತ್ತಿರಬಹುದು. 1971ರಲ್ಲಿ ಟೆಕ್ಸಾಸ್‌ನಲ್ಲಿ ಮೂರು ಬೋಯಿಂಗ್ 737 ಇಟ್ಟುಕೊಂಡು ಶುರು ಮಾಡಿದರು, ಆಮೇಲೆ ನಾಲ್ಕನೆಯದು ಬಂತು. 1972ರಲ್ಲಿ ಕೈಯಲ್ಲಿ ದುಡ್ಡಿಲ್ಲದೆ ಒಂದನ್ನು ಮಾರಬೇಕಾಯಿತು. ನಾಲ್ಕು ವಿಮಾನದ ವೇಳಾಪಟ್ಟಿಯನ್ನು ಮೂರರಲ್ಲೇ ಹಾರಿಸುವುದಕ್ಕೆ ಇಳಿದು ಮತ್ತೆ ಹೊರಡುವ ಸಮಯವನ್ನು 10 ನಿಮಿಷಕ್ಕೆ ಇಳಿಸಿದರು. ವಿಮಾನ ಒಂದು ಕಡಿಮೆ ಆಯಿತು, ಹಾರಾಟ ಕಡಿಮೆ ಆಗಲಿಲ್ಲ. ಇವತ್ತು ಅವರ ಬಳಿ ಸುಮಾರು 800 ವಿಮಾನ ಇವೆ, ಎಲ್ಲವೂ 737. ನಾನು ಈ ಕಥೆಯನ್ನು ತರಬೇತಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ನನ್ನ ಹಾಳೆಯಲ್ಲಿ ‘ಒಂದು ವಿಮಾನ ದಿನಕ್ಕೆ ಎಷ್ಟು ಗಂಟೆ ಹಾರುತ್ತದೆ’ ಅನ್ನುವ ಕಾಲಂ ಇರಲಿಲ್ಲ. ಚೆನ್ನಾಗಿ ನಡೆಸುವ ಕಡಿಮೆ ದರದ ಕಂಪನಿಗಳಲ್ಲಿ ಒಂದು ಎ320 ದಿನಕ್ಕೆ 11-12 ಗಂಟೆ ಆಕಾಶದಲ್ಲಿರುತ್ತದೆ. ನಮ್ಮಲ್ಲಿ ಏಳು ಗಂಟೆ ದಾಟಿದರೆ ಅದೇ ಒಳ್ಳೆಯ ದಿನ.

ಹಾಗಂತ ಹಲವು ಬಗೆ ಇದ್ದರೆ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಖಂಡ ದಾಟಿ ಹಾರುವವರಿಗೆ ದೊಡ್ಡ ವಿಮಾನ ಬೇಕು, ಸುತ್ತಲಿನ ಊರುಗಳಿಂದ ಜನರನ್ನು ಹಬ್‌ಗೆ (ಕಂಪನಿಯ ಮುಖ್ಯ ನಿಲ್ದಾಣಕ್ಕೆ) ತರುವುದಕ್ಕೆ ಸಣ್ಣವು ಬೇಕು. ನನ್ನ ಅಭಿಪ್ರಾಯ ಇಷ್ಟೇ: ಯಾವುದೇ ಬಗೆ ಇಟ್ಟುಕೊಂಡರೂ ಅದರಲ್ಲಿ ಸಾಕಷ್ಟು ವಿಮಾನ ಇರಬೇಕು. ಎರಡು ಮೂರು ವಿಮಾನಕ್ಕೋಸ್ಕರ ಬೇರೆ ಪೈಲಟ್, ಬೇರೆ ಎಂಜಿನಿಯರ್, ಬೇರೆ ಸ್ಪೇರ್, ಬೇರೆ ಸಿಮ್ಯುಲೇಟರ್ ಸಾಕುವುದು ಗೌರವಕ್ಕೆ ಮಾಡುವ ಖರ್ಚು. ನಮ್ಮ ಮೂರು ಎ330 ಅಂಥವೇ. ಪತ್ರಿಕೆಯ ಫೋಟೋಗಳಲ್ಲಿ ಅವೇ ಕಾಣುತ್ತಿದ್ದವು.

ಬಾಡಿಗೆ ವಿಮಾನ ಅಂದರೆ ನೀವು ಹೆದರಿದ್ದೀರಿ, ಸಣ್ಣ ಕಂಪನಿಯ 14ರಲ್ಲಿ 14ಕ್ಕೂ ಲೀಸ್ ಅಂತ ಬರೆದಿದ್ದೀರಿ. ಅದಕ್ಕೆ ಹೆದರಬೇಕಾಗಿಲ್ಲ. ಪ್ರಪಂಚದ ಪ್ರಯಾಣಿಕ ವಿಮಾನಗಳಲ್ಲಿ ಹತ್ತಿರಹತ್ತಿರ ಅರ್ಧ ಬಾಡಿಗೆಯವೇ. ಎಮಿರೇಟ್ಸ್ 1985ರಲ್ಲಿ ಶುರುವಾಗಿದ್ದೇ ಪಾಕಿಸ್ತಾನದ ಏರ್‌ಲೈನ್ ಪಿಐಎಯಿಂದ ಬಾಡಿಗೆಗೆ ತಂದ ವಿಮಾನಗಳಿಂದ. ನೋಡಬೇಕಾದ್ದು ಬಾಡಿಗೆ ಸರಿಯಾಗಿ ಹೋಗುತ್ತಿದೆಯಾ ಅನ್ನುವುದನ್ನು. ಜೆಟ್ ಏರ್‌ವೇಸ್ ಬಳಿ 100ಕ್ಕೂ ಜಾಸ್ತಿ ವಿಮಾನ ಇದ್ದವು. 2019ರ ಮೊದಲ ತಿಂಗಳುಗಳಲ್ಲಿ ಬಾಡಿಗೆ ಬಾಕಿ ಬಿದ್ದು ಒಂದೊಂದೇ ನೆಲಕ್ಕೆ ಕೂತವು. ಏಪ್ರಿಲ್ 17ಕ್ಕೆ ಕೊನೆಯ ಹಾರಾಟ.

ಬಾಡಿಗೆ ಸರಿ ಇದ್ದರೂ ಎಂಜಿನ್ ಕೈಕೊಡಬಹುದು. ಗೋ ಫಸ್ಟ್ ಕಂಪನಿ 2023ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿದಾಗ ಅವರ ವಿಮಾನಗಳಲ್ಲಿ ಸುಮಾರು ಅರ್ಧ ನಿಂತುಬಿಟ್ಟಿದ್ದವು. ಪ್ರಾಟ್ ಆ್ಯಂಡ್ ವಿಟ್ನಿ ಎಂಜಿನ್‌ಗಳು ಸಿಗುತ್ತಿಲ್ಲ ಅನ್ನುವುದೇ ಅವರು ಕೊಟ್ಟ ಕಾರಣ. ಅದೇ ವರ್ಷ ಜುಲೈನಲ್ಲಿ ಆ ಎಂಜಿನ್‌ಗಳ ಕೆಲವು ಭಾಗಗಳನ್ನು ಮಾಡುವುದಕ್ಕೆ ಬಳಸಿದ ಲೋಹದ ಪುಡಿಯಲ್ಲೇ ದೋಷ ಇದೆ ಅಂತ ಗೊತ್ತಾಗಿ ಬೇರೆ ಬೇರೆ ದೇಶಗಳ ಕಂಪನಿಗಳು ವಿಮಾನ ನಿಲ್ಲಿಸಬೇಕಾಯಿತು. ಒಂದೇ ಬಗೆಯ ವಿಮಾನ ಇಟ್ಟುಕೊಂಡವರಿಗೆ ಇರುವ ನಿಜವಾದ ಅಪಾಯ ಇದು. ಎಂಜಿನ್ ಯಾವುದು ಅಂತಲೂ ಕೇಳಿ.

ಇನ್ನು ಆರ್ಡರ್. ನಿಮ್ಮ ದೊಡ್ಡ ಕಂಪನಿ 70 ವಿಮಾನಕ್ಕೆ ಆರ್ಡರ್ ಕೊಟ್ಟಿದೆ ಅಂತ ಬರೆದಿದ್ದೀರಿ. ಇಂಡಿಗೋ 2023ರ ಜೂನ್‌ನಲ್ಲಿ ಒಂದೇ ಸಲಕ್ಕೆ 500 ಏರ್‌ಬಸ್‌ಗೆ ಆರ್ಡರ್ ಕೊಟ್ಟಿತು. ಅವು ಬರುವುದು 2030ರಿಂದ 2035ರ ನಡುವೆ. ಅಷ್ಟು ಗಟ್ಟಿ ಕಂಪನಿಗೇ ಅಷ್ಟು ವರ್ಷ. ಆರ್ಡರ್ ನಂಬಿಕೊಂಡು ಕೆಲಸಕ್ಕೆ ಸೇರಬೇಡಿ. ಆ ಕಂಪನಿ 38 ಊರಿಗೆ ಹಾರುತ್ತದೆ ಅಂತ ನೀವು ಬರೆದಿರುವುದೂ ಹಾಗೇ. ವಾರಕ್ಕೆ ಎರಡು ಸಲ ಹೋದರೂ ಅದು ಭೂಪಟದಲ್ಲಿ ಒಂದು ಗೆರೆ, ದಿನಕ್ಕೆ ಎಂಟು ಸಲ ಹೋದರೂ ಒಂದೇ ಗೆರೆ.

ನಮ್ಮ ಕಂಪನಿ ನಾನು ಸೇರಿ 22 ತಿಂಗಳಿಗೆ ನಿಂತಿತು. ಮೊದಲು ಇಂಧನ ಕೊಡುವವರು ದುಡ್ಡು ಕೈಗೆ ಬಂದರೆ ಮಾತ್ರ ಟ್ಯಾಂಕರ್ ಕಳಿಸುತ್ತೇವೆ ಅಂದರು. ಆಮೇಲೆ ಬಾಡಿಗೆಗೆ ಕೊಟ್ಟವರ ಎಂಜಿನಿಯರ್‌ಗಳು ಬಂದು ವಿಮಾನಗಳ ದಾಖಲೆಪುಸ್ತಕ ಕೇಳಿದರು. ಬೋರ್ಡಿನಲ್ಲಿ ಸಾಲು 26ರಿಂದ 19, 12, 5 ಆಗುವುದನ್ನು ನಾನೇ ಒರೆಸಿ ಒರೆಸಿ ನೋಡಿದೆ. ನಾಲ್ಕು ತಿಂಗಳ ಸಂಬಳ ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಇನ್ನೊಂದು. ಕೊನೆಗೆ ನಾನು ಬೇಡ ಅಂದಿದ್ದ ಆ ಸಣ್ಣ ಕಂಪನಿಗೇ ಹೋಗಿ ಅರ್ಜಿ ಕೊಟ್ಟೆ. ತೆಗೆದುಕೊಂಡರು, ಆದರೆ ಮತ್ತೆ ಟ್ರೇನಿಯಾಗಿ. ನನ್ನ ಜೊತೆ ಅದೇ ವಾರ ಪತ್ರ ಪಡೆದಿದ್ದ ಹುಡುಗಿ ಅಷ್ಟರಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿದ್ದರು. ನನಗೆ ಕೆಲಸ ಕಲಿಸಿದ್ದು ಅವರೇ, ಚೆನ್ನಾಗಿಯೇ ಕಲಿಸಿದರು. ಅಲ್ಲಿ ಈಗ 19 ವಿಮಾನ ಇವೆ. ಇವತ್ತೂ ನಾನು ಅಲ್ಲೇ ಇದ್ದೇನೆ.

ಆದ್ದರಿಂದ ‘ಯಾವುದು ದೊಡ್ಡದು’ ಅನ್ನುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಒಂದು ಕೆಲಸ ಮಾಡಿ. ಎರಡೂ ಕಂಪನಿಯ ವಿಮಾನಗಳ ನೋಂದಣಿ ಸಂಖ್ಯೆ ಹುಡುಕಿ, ಅವು ಅಂತರ್ಜಾಲದಲ್ಲೇ ಸಿಗುತ್ತವೆ. ಫ್ಲೈಟ್‌ರೇಡಾರ್24ರಂಥ ವೆಬ್‌ಸೈಟ್‌ನಲ್ಲಿ ಒಂದೊಂದನ್ನೇ ಹಾಕಿ ನೋಡಿ, ಕಳೆದ ಕೆಲವು ದಿನ ಅದು ಎಲ್ಲೆಲ್ಲಿಗೆ ಹೋಗಿದೆ ಅಂತ ಕಾಣುತ್ತದೆ. ಐದು ರಾತ್ರಿ ಇದನ್ನು ಬರೆದುಕೊಳ್ಳಿ. ಅಲುಗಾಡದೇ ಇರುವುದು ಎಷ್ಟು, ಓಡುತ್ತಿರುವುದು ದಿನಕ್ಕೆ ಎಷ್ಟು ಸೆಕ್ಟರ್. ಎರಡು ವಾರ ನಿಂತಿದ್ದರೆ ತಪಾಸಣೆ ಇರಬಹುದು, ತಪ್ಪು ತಿಳಿಯಬೇಡಿ. ಮೂರು ತಿಂಗಳಿಂದ ಸುದ್ದಿಯೇ ಇಲ್ಲದಿದ್ದರೆ ಅದನ್ನು ಲೆಕ್ಕದಿಂದ ಹೊಡೆದುಹಾಕಿ. ಆಮೇಲೆ ಉಳಿದವನ್ನು ಬಗೆಯಿಂದ ಬಗೆಗೆ ಬೇರೆ ಮಾಡಿ.

ಸಂಬಳ ದೊಡ್ಡ ಕಡೆ ಜಾಸ್ತಿ ಅಂದಿದ್ದೀರಿ. ನನಗೂ ಜಾಸ್ತಿಯೇ ಹೇಳಿದ್ದರು. ಅಲ್ಲಿನ ನೆಲದ ಸಿಬ್ಬಂದಿಯಲ್ಲಿ ಯಾರನ್ನಾದರೂ ಹಿಡಿದು, ಹೋದ ಮೂರು ತಿಂಗಳು ಸಂಬಳ ಯಾವ ತಾರೀಕಿಗೆ ಬಂತು ಅಂತ ಮೆತ್ತಗೆ ಕೇಳಿ.

ಉತ್ತರ ಕೊಡುವುದಕ್ಕೆ ಇನ್ನೂ ಎಂಟು ದಿನ ಇದೆ ಅಂತ ಬರೆದಿದ್ದೀರಿ. ಐದು ರಾತ್ರಿಯ ಲೆಕ್ಕಕ್ಕೆ ಸಮಯ ಸಾಕು. ಮುಗಿದ ಮೇಲೆ ಇಲ್ಲೇ ಕೆಳಗೆ ಹಾಕಿ, ಕಂಪನಿ ಹೆಸರು ಬೇಡ, ಸಂಖ್ಯೆ ಸಾಕು. ನಾನು ಕೂತು ನೋಡುತ್ತೇನೆ.