ಸೌರ ಮಾರುತದ ಪರಿಣಾಮ ಧ್ರುವಗಳ ಮೇಲೇ ಯಾಕೆ ಜಾಸ್ತಿ?

ನಮ್ಮ ಕಲಬುರಗಿ ಬಿಸಿಲಿಗೂ ಇದಕ್ಕೂ ಸಂಬಂಧ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬರುವ ವಿದ್ಯುತ್ ಕಣಗಳೇ ಸೌರ ಮಾರುತ. ನಮ್ಮ ಕಡೆ ಭೂಮಿಯ ಕಾಂತರೇಖೆಗಳು ಹೆಚ್ಚುಕಡಿಮೆ ಅಡ್ಡ ಮಲಗಿವೆ, ಧ್ರುವದಲ್ಲಿ ನೆಟ್ಟಗೆ ನಿಂತಿವೆ. ಕಣಗಳು ಅವುಗಳ ಗುಂಟ ಇಳಿಯುತ್ತವೆ. ಬರೀ ವೇಗ ಇದ್ದರೆ ಸಾಲದು: ಗಾಳಿ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ವಾಲಿದಾಗ ಭೂಮಿಯ ಕಾಂತ ಕವಚದ ಬಾಗಿಲು ಚೆನ್ನಾಗಿ ತೆರೆಯುತ್ತದೆ ಅಂತ 1961ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಜೇಮ್ಸ್ ಡಂಗಿ ಸೂಚಿಸಿದರು, ಆಮೇಲೆ ಉಪಗ್ರಹಗಳೂ ರೇಡಾರ್‌ಗಳೂ ಅದನ್ನೇ ತೋರಿಸಿದವು. ಆಗ ಅಯಾನುಗೋಳ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ, ಹಗಲಿನ ಕಡೆಯಿಂದ ಧ್ರುವ ದಾಟಿ ರಾತ್ರಿ ಕಡೆಗೆ ಹರಿದು, ಅಂಚಿನಲ್ಲಿ ಸುತ್ತಿ ವಾಪಸ್ ಬರುತ್ತದೆ. ಈಗ 15 ಲಕ್ಷ ಕಿ.ಮೀ. ಆಚೆ ನಮ್ಮ ಆದಿತ್ಯ-ಎಲ್1 ಈ ಗಾಳಿಯನ್ನು ಸುಮಾರು ಒಂದು ಗಂಟೆ ಮುಂಚೆಯೇ ಅಳೆಯುತ್ತದೆ. ಧ್ರುವದ ಕಡೆ ಈ ಕಣಗಳಿಂದ ಆಕಾಶ ಬೆಳಗುವ ಧ್ರುವಪ್ರಭೆ, 2024ರ ಮೇನಲ್ಲಿ ಜೋರು ಸೌರ ಬಿರುಗಾಳಿ ಬಂದಾಗ ಲಡಾಖ್‌ನ ಹಾನ್ಲೆಯಲ್ಲೂ ಕೆಂಪಾಗಿ ಕಂಡಿತ್ತು. ನಮ್ಮ ಮಾಳಿಗೆ ಮೇಲೆ ನಿಂತವರಿಗೆ ಮಾತ್ರ ಏನೂ ಇಲ್ಲ, ಸುಮ್ನೆ ಸೆಕೆ.